ಸೈಕಲ್ ತೊಳೆಯುವ ಸಾಮಾನಿನಲ್ಲಿ ಕಾರಿನ ಚಕ್ರ ತೊಳೆಯುವುದು: ಯಾವುದು ನಡೆಯುತ್ತೆ, ಯಾವುದು ಬೇಡ

ಅಮ್ಮನ ಮನೆ ಉಜಿರೆ. ನಾವಿರುವುದು ಬೆಂಗಳೂರಿನ ಬನಶಂಕರಿಯಲ್ಲಿ. ವರ್ಷಕ್ಕೆ ನಾಲ್ಕೈದು ಸಲ ಹಾಸನ, ಬೇಲೂರು, ಮೂಡಿಗೆರೆ ದಾಟಿ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತೇವೆ. ಹೋಗಿ ಬಂದ ಮೇಲೆ ಕಾರಿನ ಮುಂದಿನ ಎರಡು ಚಕ್ರ ದೋಸೆ ಕಾವಲಿಯ ತಳದ ಹಾಗೆ ಕಪ್ಪಾಗಿರುತ್ತವೆ. ಹಿಂದಿನ ಎರಡರ ಮೇಲೆ ಬರೀ ಕೆಂಪು ಮಣ್ಣು.

ಕಾರಿಗೆ ಅಂತ ಬೇರೆ ಸಾಮಾನು ನಮ್ಮಲ್ಲಿ ಇರಲಿಲ್ಲ. ಸೈಕಲ್‌ದು ಮಾತ್ರ ಒಂದು ಕಪಾಟು ತುಂಬ ಇದೆ. ಭಾನುವಾರ ಬೆಳಗ್ಗೆ ತುರಹಳ್ಳಿ ಕಾಡಿನ ಕಡೆ ಸೈಕಲ್ ಹೊಡೆದುಕೊಂಡು ಹೋಗುವುದು ನನ್ನ ಹತ್ತು ವರ್ಷದ ಅಭ್ಯಾಸ. ಮಳೆಗಾಲದಲ್ಲಿ ಅಲ್ಲಿಂದ ಬಂದರೆ ತೊಳೆಯದೆ ಸೈಕಲ್ ಒಳಗೆ ತರುವ ಹಾಗೇ ಇಲ್ಲ. ಹಾಗಾಗಿ ಸ್ಪ್ರೇ ಬಾಟಲಿ, ಚೈನ್‌ನ ಜಿಡ್ಡು ತೆಗೆಯುವ ಡಿಗ್ರೀಸರ್, ಡಿಸ್ಕ್ ಬ್ರೇಕ್ ಕ್ಲೀನರ್, ಐದಾರು ತರದ ಬ್ರಷ್, ಮೇಣದ ಪಾಲಿಶ್ ಎಲ್ಲ ಸೇರಿಕೊಂಡಿವೆ.

ಒಮ್ಮೆ ತಮ್ಮ ಮನೆಗೆ ಬಂದಿದ್ದಾಗ ಅದನ್ನೆಲ್ಲ ನೋಡಿ ಕೇಳಿದ: "ಅಕ್ಕಾ, ಸೈಕಲ್‌ಗೆ ಹೊಡೀತೀಯಲ್ಲ ಆ ಗುಲಾಬಿ ಬಣ್ಣದ್ದು, ಅದನ್ನೇ ಚಕ್ರಕ್ಕೂ ಹಾಕಬಾರದಾ?"

"ಹಾಕಬಹುದು ಕಣೋ. ಮಣ್ಣು ಹೋಗುತ್ತೆ. ಆ ಕಪ್ಪು ಪೂರ್ತಿ ಹೋಗುತ್ತೋ ಇಲ್ವೋ ನೋಡಬೇಕು" ಅಂದೆ.

ನೋಡಿದೆವು. ಆಮೇಲೆ ಎರಡು ವರ್ಷದಿಂದ ನೋಡುತ್ತಲೇ ಇದ್ದೇನೆ. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು ನಾನು. ಯಾವ ಬಾಟಲಿ ಯಾಕೆ ಕೆಲಸ ಮಾಡುತ್ತದೆ ಎಂದು ತಿಳಿಯದೆ ಸುಮ್ನೆ ಸುರಿಯುವುದು ನನಗೆ ಆಗದ ಕೆಲಸ. ಮನೆಯಲ್ಲಿ ಸೈಕಲ್ಲೂ ಕಾರೂ ಎರಡೂ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಪ್ಪು ಅಂದರೆ ಏನು

ಸೈಕಲ್ ಮೇಲಿನ ಕೊಳೆ ಎರಡೇ ತರ. ಒಂದು ಮಣ್ಣು, ಇನ್ನೊಂದು ಚೈನ್ ಎಣ್ಣೆಗೆ ಧೂಳು ಅಂಟಿ ಆದ ಕಪ್ಪು ಜಿಡ್ಡು. ಸೈಕಲ್ ಕ್ಲೀನರ್ ತಯಾರಿಸುವವರು ಈ ಎರಡನ್ನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಅದು ಮಣ್ಣನ್ನು ನೆನೆಸಿ ಸಡಿಲ ಮಾಡುತ್ತದೆ, ಜಿಡ್ಡನ್ನು ನೀರಿನ ಜೊತೆ ಹೋಗುವಂತೆ ಮಾಡುತ್ತದೆ. ಅಷ್ಟೇ.

ಕಾರಿನ ಚಕ್ರದ ಕಪ್ಪು ಬೇರೆ ಜಾತಿಯದು. ಕಾರಿನ ಬ್ರೇಕ್ ಡಿಸ್ಕ್ ಸಾಮಾನ್ಯವಾಗಿ ಎರಕದ ಕಬ್ಬಿಣದ್ದು. ಪ್ರತಿ ಸಲ ಬ್ರೇಕ್ ಒತ್ತಿದಾಗ ಡಿಸ್ಕ್ ಮತ್ತು ಅದನ್ನು ಒತ್ತಿ ಹಿಡಿಯುವ ಪ್ಯಾಡ್ ಎರಡೂ ಚೂರು ಚೂರು ಸವೆಯುತ್ತವೆ. ಕಬ್ಬಿಣದ ಪುಡಿ, ಪ್ಯಾಡಿನ ಅಂಟು, ಮಸಿ ಎಲ್ಲ ಬಿಸಿ ಬಿಸಿಯಾಗಿ ಹಾರಿ ಚಕ್ರದ ಮೇಲೆ ಕೂರುತ್ತವೆ. ಹೊಸದಾಗಿದ್ದಾಗ ಬೆರಳಿನಿಂದ ಒರೆಸಿದರೂ ಬರುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ, ಮೇಲೆ ಮಳೆ ಬಿದ್ದರೆ, ಕಬ್ಬಿಣದ ಚೂರು ಪೇಂಟಿನ ಮೇಲ್ಪದರಕ್ಕೆ ಕಚ್ಚಿಕೊಂಡು ಅಲ್ಲೇ ತುಕ್ಕು ಹಿಡಿಯುತ್ತದೆ. ಬೆಳ್ಳಿ ಬಣ್ಣದ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ) ಚಕ್ರದಲ್ಲಿ ಕಾಣುವ ಸಣ್ಣ ಸಣ್ಣ ಕಿತ್ತಳೆ ಚುಕ್ಕೆಗಳು ಇವೇ.

ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುತ್ತದಲ್ವಾ, ಅದಕ್ಕೇ ಮುಂದಿನ ಬ್ರೇಕಿಗೆ ಕೆಲಸ ಜಾಸ್ತಿ. ನಮ್ಮಂಥ ಸಣ್ಣ ಕಾರುಗಳಲ್ಲಿ ಹಿಂದೆ ಇರುವುದು ಹೆಚ್ಚಾಗಿ ಡ್ರಮ್ ಬ್ರೇಕ್. ಅದರ ಪುಡಿ ಡ್ರಮ್ಮಿನೊಳಗೇ ಉಳಿಯುತ್ತದೆ. ಘಾಟಿ ಇಳಿಯುವಾಗ ಕಾಲನ್ನು ಬ್ರೇಕ್ ಮೇಲೇ ಇಡದೆ ಎರಡನೇ ಗೇರಿನಲ್ಲಿ ಇಳಿದರೆ ಈ ಕಪ್ಪು ಎಷ್ಟೋ ಕಡಿಮೆಯಾಗುತ್ತದೆ. ಬ್ರೇಕಿಗೂ ಅದೇ ಒಳ್ಳೆಯದು.

ಸೈಕಲ್‌ಗೆ ಈ ತೊಂದರೆ ಇಲ್ಲ. ಅದರ ಡಿಸ್ಕ್ ತೆಳ್ಳಗಿನ ಸ್ಟೇನ್‌ಲೆಸ್ ಸ್ಟೀಲು, ಸವೆಯುವುದೂ ಸ್ವಲ್ಪವೇ. ಆದ್ದರಿಂದ ಸೈಕಲ್ ಕ್ಲೀನರ್‌ನಲ್ಲಿ ಕಬ್ಬಿಣ ಕರಗಿಸುವ ಅಂಶ ಇರುವುದಿಲ್ಲ. ನಮ್ಮ ಚಕ್ರದ ಮೇಲೆ ಅದು ಮಣ್ಣು, ಎಣ್ಣೆ, ಹೊಸದಾಗಿ ಕೂತ ಕಪ್ಪು ಇವನ್ನು ಚೆನ್ನಾಗಿ ತೆಗೆಯಿತು. ಕಚ್ಚಿಕೊಂಡಿದ್ದ ಕಿತ್ತಳೆ ಚುಕ್ಕೆಗಳು ಇದ್ದ ಹಾಗೇ ಇದ್ದವು. ಎಷ್ಟು ಉಜ್ಜಿದರೂ ಅಷ್ಟೇ.

ಕಪಾಟಿನಲ್ಲಿ ಯಾವುದು ತೆಗೆಯಬೇಕು

ಮೊದಲು ಸ್ಪ್ರೇ ಕ್ಲೀನರ್. ಮಕ್-ಆಫ್‌ನ ಗುಲಾಬಿ ಬಣ್ಣದ ಬಾಟಲಿ ಸೈಕಲ್‌ನವರಿಗೆಲ್ಲ ಗೊತ್ತು. ಅದೇ ತರದ್ದು ಬೇರೆ ಕಂಪನಿಗಳಿಂದಲೂ ಬರುತ್ತವೆ. ಯಾವುದೇ ಇರಲಿ, ಅಲಾಯ್ ಮೇಲೆ ಹೊಡೆಯುವ ಮೊದಲು ಅದು ಎಷ್ಟು ಕ್ಷಾರ ಅಂತ ತಿಳಿದುಕೊಳ್ಳಿ. ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಪಿಎಚ್ ಪಟ್ಟಿಯ ಸಣ್ಣ ಪುಸ್ತಕ ಸಿಗುತ್ತದೆ. ಒಂದು ಪಟ್ಟಿಯನ್ನು ಅದ್ದಿ, ಬಣ್ಣ ಹೋಲಿಸಿ ನೋಡಿದರೆ ಆಯಿತು. 7 ಇದ್ದರೆ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ನನ್ನ ಹತ್ತಿರ ಇದ್ದ ಒಂದು ಬಾಟಲಿ 11ರ ಆಸುಪಾಸು ತೋರಿಸಿತು. ಪಿಎಚ್ ಒಂದೊಂದು ಮೆಟ್ಟಿಲು ಏರಿದಾಗ ಕ್ಷಾರ ಹತ್ತು ಪಟ್ಟು ಏರುತ್ತದೆ. ಹಾಗಾಗಿ 8ಕ್ಕೂ 11ಕ್ಕೂ ವ್ಯತ್ಯಾಸ ಸಣ್ಣದಲ್ಲ.

ಇದು ಯಾಕೆ ಮುಖ್ಯ? ಅಲ್ಯೂಮಿನಿಯಂಗೆ ಆಮ್ಲವೂ ಆಗದು, ಕ್ಷಾರವೂ ಆಗದು. ತರಗತಿಯಲ್ಲಿ ನಾನು ಕಾಸ್ಟಿಕ್ ಸೋಡಾ ನೀರಿಗೆ ಒಂದು ಚೂರು ಅಲ್ಯೂಮಿನಿಯಂ ಹಾಳೆ ಹಾಕಿ ತೋರಿಸುತ್ತೇನೆ. ಗುಳ್ಳೆ ಎದ್ದು ಹೈಡ್ರೋಜನ್ ಬರುತ್ತದೆ, ನೋಡುತ್ತಿದ್ದಂತೆ ಹಾಳೆ ಕರಗಿ ಹೋಗುತ್ತದೆ. ಸೈಕಲ್ ಕ್ಲೀನರ್ ಅಷ್ಟು ಖಾರವಲ್ಲ, ನಿಜ. ಕಂಪನಿಯಿಂದ ಬಂದ ಅಲಾಯ್ ಚಕ್ರದ ಮೇಲೆ ಪಾರದರ್ಶಕ ಪೇಂಟಿನ ಪದರವೂ ಇರುತ್ತದೆ. ಆ ಪದರ ಸರಿಯಾಗಿದ್ದರೆ ಹೆದರಬೇಕಿಲ್ಲ. ಫುಟ್‌ಪಾತಿನ ಕಲ್ಲಿಗೆ ಉಜ್ಜಿ ಪದರ ಕಿತ್ತುಹೋದ ಜಾಗ ಇದ್ದರೆ, ಅಥವಾ ಪೇಂಟೇ ಇಲ್ಲದೆ ಬರೀ ಪಾಲಿಶ್ ಮಾಡಿದ ಚಕ್ರವಾದರೆ, ಕ್ಷಾರದ ಕ್ಲೀನರ್ ಬೇಡ. ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ, ಮತ್ತೆ ಪಾಲಿಶ್ ಮಾಡಿಸಬೇಕಾಗುತ್ತದೆ. ಅಂಥ ಚಕ್ರಕ್ಕೆ ಕಾರ್ ಶ್ಯಾಂಪೂ ಸಾಕು. ಸ್ಟೀಲ್ ಚಕ್ರದ ಮೇಲೆ ಪ್ಲಾಸ್ಟಿಕ್ ವೀಲ್ ಕವರ್ ಇದ್ದವರಿಗೆ ಈ ಚಿಂತೆ ಇಲ್ಲ. ಕವರ್ ಬಿಚ್ಚಿ ಬಕೆಟ್‌ನಲ್ಲಿ ಅದ್ದಿ ತೊಳೆಯಬಹುದು.

ಎರಡನೆಯದು ಚೈನ್ ಡಿಗ್ರೀಸರ್. ಕಿತ್ತಳೆ ಸಿಪ್ಪೆಯ ವಾಸನೆ ಬರುವಂಥದ್ದು ನನ್ನ ಹತ್ತಿರ ಇದೆ. ಇದನ್ನು ಇಡೀ ಚಕ್ರಕ್ಕೆ ಹೊಡೆಯಬೇಡಿ. ಹೊಸ ರಸ್ತೆ ಮೇಲೆ ಹೋದಾಗ ಸಿಡಿಯುವ ಡಾಂಬರಿನ ಚುಕ್ಕೆಗಳಿಗೆ ಮಾತ್ರ ಇಟ್ಟುಕೊಳ್ಳಿ. ಹಳೇ ಬಟ್ಟೆಗೆ ನಾಲ್ಕು ಹನಿ ಹಾಕಿ, ಚುಕ್ಕೆಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದು ಒರೆಸಿದರೆ ಬೆಣ್ಣೆಯಂತೆ ಬರುತ್ತದೆ. ಈ ಒಂದು ಕೆಲಸದಲ್ಲಿ ಸೈಕಲ್ ಸಾಮಾನು ನನಗೆ ಪೂರ್ತಿ ಖುಷಿ ಕೊಟ್ಟಿದೆ. ಮುಂಚೆ ಸೀಮೆಎಣ್ಣೆ ಹಚ್ಚುತ್ತಿದ್ದೆವು, ಆ ವಾಸನೆ ಎರಡು ದಿನ ಹೋಗುತ್ತಿರಲಿಲ್ಲ.

ಡಿಗ್ರೀಸರ್ ಹಚ್ಚುವಾಗ ಒಂದು ಎಚ್ಚರ ಬೇಕು. ಅಲಾಯ್ ಚಕ್ರದ ಒಳಮೈಯಲ್ಲಿ ಬೂದು ಬಣ್ಣದ ಸಣ್ಣ ಸಣ್ಣ ಲೋಹದ ತುಂಡುಗಳನ್ನು ಅಂಟಿಸಿರುತ್ತಾರೆ, ನೋಡಿರಬಹುದು. ಅವು ವೀಲ್ ಬ್ಯಾಲೆನ್ಸಿಂಗ್ ಮಾಡಿದಾಗ ಹಾಕಿದ ತೂಕಗಳು. ಡಿಗ್ರೀಸರ್ ಅವುಗಳ ಅಂಟಿಗೆ ಇಳಿದರೆ ಅಂಟು ಮೆತ್ತಗಾಗುತ್ತದೆ. ಎಲ್ಲೋ ಹೆದ್ದಾರಿಯಲ್ಲಿ ತೂಕ ಬಿದ್ದುಹೋಗಿ, ವೇಗ ಏರಿದಾಗ ಸ್ಟೇರಿಂಗ್ ನಡುಗಲು ಶುರುವಾಗುತ್ತದೆ. ಆ ಜಾಗವನ್ನು ಬರೀ ಶ್ಯಾಂಪೂ ನೀರಿನಲ್ಲಿ ಒರೆಸಿ ಬಿಡಿ.

ಡಿಸ್ಕ್ ಬ್ರೇಕ್ ಕ್ಲೀನರ್ ಸ್ಪ್ರೇ ಬೇಗ ಆರುವಂಥದ್ದು, ಬೇಗ ಬೆಂಕಿ ಹಿಡಿಯುವಂಥದ್ದು, ದುಬಾರಿ ಕೂಡ. ಚಕ್ರ ತೊಳೆಯಲು ಅದು ಬೇಡ. ಪೇಂಟಿಗೂ ಪ್ಲಾಸ್ಟಿಕ್‌ಗೂ ಒಳ್ಳೆಯದಲ್ಲ.

ಚೈನ್ ಎಣ್ಣೆ ಮತ್ತು ಸಿಲಿಕೋನ್ ಸ್ಪ್ರೇ ಈ ಎರಡನ್ನೂ ಕಾರಿನ ಚಕ್ರದ ಹತ್ತಿರವೇ ತರಬೇಡಿ. ಸೈಕಲ್‌ನವರಿಗೆ ಯಾವ ಬೋಲ್ಟ್ ಹಾಕುವಾಗಲೂ ಚೂರು ಗ್ರೀಸ್ ಹಚ್ಚುವ ರೂಢಿ ಇರುತ್ತದೆ. ವೀಲ್ ನಟ್‌ಗೆ ಆ ರೂಢಿ ಅಪಾಯ. ಅದರ ತಿರುಪಿನ ಗೆರೆಗಳಿಗೆ (ಥ್ರೆಡ್) ಎಣ್ಣೆ ತಾಗಿದರೆ, ಅಷ್ಟೇ ಬಲ ಹಾಕಿದರೂ ನಟ್ ಹೆಚ್ಚು ಬಿಗಿಯಾಗಿ ಬೋಲ್ಟ್ ಎಳೆದುಹೋಗುತ್ತದೆ. ಸಿಲಿಕೋನ್ ಸ್ಪ್ರೇಯ ತುಂತುರು ಡಿಸ್ಕ್ ಮೇಲೆ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ ಅಲ್ವಾ?

ನಿಜವಾದ ಲಾಭ ಬ್ರಷ್‌ಗಳದ್ದು. ಸೈಕಲ್‌ನ ಕಡ್ಡಿಗಳ ನಡುವೆ, ಹಬ್ ಸುತ್ತ ಉಜ್ಜಲು ಮಾಡಿದ ಉದ್ದ ಕೂದಲಿನ, ತುದಿ ಚೂಪಾದ ಮೆತ್ತನೆ ಬ್ರಷ್ ಇದೆಯಲ್ಲ, ಅದು ಅಲಾಯ್ ಚಕ್ರದ ಸಂದಿಗಳಿಗೂ ನಟ್ ಗುಂಡಿಗಳಿಗೂ ಅಳತೆ ಕೊಟ್ಟು ಮಾಡಿಸಿದ ಹಾಗಿದೆ. ಚೈನ್ ಉಜ್ಜುವ ಗಟ್ಟಿ ಬ್ರಷ್ ಮಾತ್ರ ಬೇಡ. ಪೇಂಟಿನ ಮೇಲೆ ಸುತ್ತು ಸುತ್ತು ಗೀರು ಬೀಳುತ್ತದೆ. ಅದನ್ನು ಟೈರಿನ ರಬ್ಬರ್ ಉಜ್ಜಲು ಬಳಸಿ.

ತೊಳೆಯುವ ಕ್ರಮ

ಗಾಡಿ ನಿಲ್ಲಿಸಿದ ತಕ್ಷಣ ತೊಳೆಯಬೇಡಿ. ಮೊದಲನೇ ಸಲ ನಾನು ಮಾಡಿದ ತಪ್ಪು ಇದೇ. ಊರಿನಿಂದ ಮಧ್ಯಾಹ್ನ ಬಂದು, ಬಿಸಿಲಲ್ಲೇ ನಿಂತಿದ್ದ ಕಾರಿನ ಚಕ್ರಕ್ಕೆ ಸ್ಪ್ರೇ ಹೊಡೆದೆ. ಬ್ರೇಕಿನ ಕಾವೇ ಆರಿರಲಿಲ್ಲ. ಉಜ್ಜುವ ಮೊದಲೇ ಆರಿ, ಉದ್ದುದ್ದ ಬಿಳಿ ಗೆರೆ ಕೂತಿತು. ಅದನ್ನು ತೆಗೆಯಲು ಇನ್ನೆರಡು ಸಲ ತೊಳೆಯಬೇಕಾಯಿತು. ಈಗ ಮರುದಿನ ಬೆಳಗ್ಗೆ ಏಳಕ್ಕೆ, ನೆರಳಲ್ಲಿ ತೊಳೆಯುತ್ತೇನೆ. ಅಂಗೈಯನ್ನು ಚಕ್ರದ ಮೇಲಿಟ್ಟರೆ ತಣ್ಣಗಿರಬೇಕು.

ಒಂದೊಂದೇ ಚಕ್ರ ಮಾಡಿ. ನಾಲ್ಕಕ್ಕೂ ಹೊಡೆದು ಆಮೇಲೆ ಉಜ್ಜೋಣ ಅಂದುಕೊಂಡರೆ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಆರಿರುತ್ತದೆ. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಮಗ್ಗಿನಿಂದ ನೀರು ಹಾಕಿ ಸಡಿಲ ಮಣ್ಣನ್ನು ಮೊದಲೇ ಇಳಿಸಿ. ಆ ಮರಳು ಇದ್ದಂತೆಯೇ ಉಜ್ಜಿದರೆ ಗೀರು ಬೀಳುತ್ತದೆ. ಆಮೇಲೆ ಒದ್ದೆ ಚಕ್ರದ ಮೇಲೆ ಸ್ಪ್ರೇ ಹೊಡೆಯಿರಿ. ಕೆಳಗಿನಿಂದ ಮೇಲಕ್ಕೆ ಹೊಡೆದರೆ ಗೆರೆ ಬೀಳುವುದು ಕಡಿಮೆ. ಮೂರು ನಿಮಿಷ ಬಿಡಿ. ಆರುವ ಹಾಗೆ ಕಂಡರೆ ಸ್ವಲ್ಪ ನೀರು ಚಿಮುಕಿಸಿ.

ಮೆತ್ತನೆ ಬ್ರಷ್‌ನಿಂದ ಮೊದಲು ಒಳಮೈ, ಆಮೇಲೆ ಕಡ್ಡಿಗಳು, ಕೊನೆಗೆ ನಟ್ ಗುಂಡಿಗಳು. ನಡುನಡುವೆ ಬ್ರಷ್ಷನ್ನು ಬಕೆಟ್‌ನಲ್ಲಿ ಅಲುಗಾಡಿಸಿ. ಗಟ್ಟಿ ಬ್ರಷ್ ತೆಗೆದುಕೊಂಡು ಟೈರಿನ ಪಕ್ಕ ಉಜ್ಜಿ. ನೊರೆ ಕಂದು ಬಣ್ಣದಲ್ಲಿ ಬಂದರೆ ಗಾಬರಿ ಬೇಡ. ರಬ್ಬರ್ ಬಿರುಕು ಬಿಡದಿರಲಿ ಎಂದು ಟೈರಿನಲ್ಲಿ ಸೇರಿಸಿದ ರಾಸಾಯನಿಕ ನಿಧಾನಕ್ಕೆ ಮೇಲೆ ಬಂದು ಗಾಳಿಗೆ ಕಂದಾಗುತ್ತದೆ. ಮಣ್ಣಿನ ಬಣ್ಣ ಅಂತ ನಾವು ಅಂದುಕೊಳ್ಳುವುದು ಎಷ್ಟೋ ಸಲ ಇದೇ. ಕಡೆಗೆ ಧಾರಾಳ ನೀರು ಹಾಕಿ ತೊಳೆಯಿರಿ. ಕ್ಷಾರ ಸಂದಿಯಲ್ಲಿ ಉಳಿಯಬಾರದು.

ಒಂದು ಚಕ್ರಕ್ಕೆ ನನಗೆ 40–50 ಮಿಲಿ ಕ್ಲೀನರ್ ಹಿಡಿಯುತ್ತದೆ. ಇಡೀ ಸೈಕಲ್‌ಗೆ ಸಾಕಾಗುವಷ್ಟು ಎರಡೇ ಚಕ್ರಕ್ಕೆ ಹೋಗುತ್ತದೆ. ಹಾಗಾಗಿ ಪ್ರತಿ ವಾರಕ್ಕೆ ಇದು ಗಿಟ್ಟುವುದಿಲ್ಲ. ವಾರದ ತೊಳೆತಕ್ಕೆ ಒಂದು ಬಕೆಟ್ ನೀರಿಗೆ ಸ್ವಲ್ಪ ಕಾರ್ ಶ್ಯಾಂಪೂ, ಸೈಕಲ್‌ನ ಬ್ರಷ್ ಸಾಕು. ಸ್ಪ್ರೇ ಊರಿಗೆ ಹೋಗಿ ಬಂದಾಗ ಮಾತ್ರ.

ಕಿತ್ತಳೆ ಚುಕ್ಕೆಗಳಿಗೆ ಮಾತ್ರ ಕಾರಿನದ್ದೇ ಸಾಮಾನು ಬೇಕು. ಐರನ್ ರಿಮೂವರ್ ಅಂತ ಕೇಳಿದರೆ ಕೊಡುತ್ತಾರೆ. ಅದರಲ್ಲಿ ಥಯೋಗ್ಲೈಕೋಲೇಟ್ ಎಂಬ ರಾಸಾಯನಿಕ ಇರುತ್ತದೆ. ಪಾರ್ಲರ್‌ನಲ್ಲಿ ಕೂದಲು ಗುಂಗುರು ಮಾಡಲು ಬಳಸುವುದೂ ಇದೇ ಗುಂಪಿನದು. ಕೊಳೆತ ಮೊಟ್ಟೆಯ ವಾಸನೆ ಅದರಲ್ಲಿರುವ ಗಂಧಕದ್ದು. ಕಬ್ಬಿಣ ಸಿಕ್ಕಿದ ಕಡೆ ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತದೆ. ಮೊದಲ ಸಲ ಹೊಡೆದಾಗ ಮುಂದಿನ ಚಕ್ರದಿಂದ ನೇರಳೆ ನೀರು ಹರಿದದ್ದು ನೋಡಿ ನನ್ನ ಮಗಳು ಓಡಿ ಬಂದಳು. ಹಿಂದಿನ ಚಕ್ರದಲ್ಲಿ ಅಲ್ಲೊಂದು ಇಲ್ಲೊಂದು ಗೆರೆ ಅಷ್ಟೇ. ಡ್ರಮ್ ಬ್ರೇಕ್, ಡಿಸ್ಕ್ ಬ್ರೇಕಿನ ವ್ಯತ್ಯಾಸವನ್ನು ಅವಳಿಗೆ ಆವತ್ತು ಅಲ್ಲೇ ತೋರಿಸಿದೆ. ಸೈಕಲ್ ಕ್ಲೀನರ್‌ನಲ್ಲಿ ಮಣ್ಣು, ಜಿಡ್ಡು ತೆಗೆದು ಚೆನ್ನಾಗಿ ನೀರು ಹಾಕಿದ ಮೇಲೆ ಇದನ್ನು ಹೊಡೆಯಿರಿ. ಎರಡನ್ನೂ ಒಟ್ಟಿಗೆ ಬೆರೆಸಬೇಡಿ. ವರ್ಷಕ್ಕೆ ಎರಡು ಸಲ ಸಾಕು.

ಬೇಗ ಹೊಳಪು ಬರಲಿ ಅಂತ ಟಾಯ್ಲೆಟ್ ತೊಳೆಯುವ ಆಸಿಡ್ ಹಚ್ಚುವವರೂ ಇದ್ದಾರೆ. ನನ್ನ ಸಹೋದ್ಯೋಗಿಯ ಕಾರಿಗೆ ಒಂದು ವಾಷಿಂಗ್ ಸೆಂಟರ್‌ನಲ್ಲಿ ಹಾಗೇ ಮಾಡಿದ್ದರು. ಅವತ್ತು ಫಳಫಳ ಹೊಳೆಯಿತು. ತಿಂಗಳೊಳಗೆ ಅಲಾಯ್ ಮೇಲಿನ ಪದರ ಹಪ್ಪಳದ ಹಾಗೆ ಏಳಲು ಶುರುವಾಯಿತು, ನಟ್‌ಗಳೆಲ್ಲ ತುಕ್ಕು. ಆ ಬಾಟಲಿಗಳಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಅದಕ್ಕೆ ಬ್ಲೀಚ್ ಬೆರೆತರೆ ಕ್ಲೋರಿನ್ ಅನಿಲ ಬರುತ್ತದೆ, ಉಸಿರಿಗೇ ಅಪಾಯ. ನಿಮ್ಮ ಗಾಡಿ ತೊಳೆಯುವವರಿಗೆ ಇದನ್ನು ಮೊದಲೇ ಹೇಳಿಡಿ.

ನೀರಿನ ಮಾತು

2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ, ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಆವತ್ತಿನಿಂದ ನಾನು ಪೈಪ್ ಹಿಡಿದಿಲ್ಲ. ತಾರಸಿಯ ಮಳೆ ನೀರು ಒಂದು ನೀಲಿ ಡ್ರಮ್ಮಿಗೆ ಬೀಳುವ ಹಾಗೆ ಮಾಡಿಕೊಂಡಿದ್ದೇವೆ. ನಾಲ್ಕು ಚಕ್ರಕ್ಕೆ 15 ಲೀಟರಿನ ಎರಡು ಬಕೆಟ್ ಸಾಕು. ಮಳೆ ನೀರು ಮೆದು, ಆರಿದ ಮೇಲೆ ಕಲೆ ಉಳಿಯುವುದಿಲ್ಲ. ಬೋರ್‌ವೆಲ್ ನೀರಾದರೆ ತಕ್ಷಣ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಸುಣ್ಣದ ಚುಕ್ಕೆ ಕೂರುತ್ತದೆ. ಆರ್‌ಒ ಮೆಷಿನ್ನಿನಿಂದ ಹೊರಹೋಗುವ ನೀರನ್ನು ಕೂಡಿಟ್ಟು ಬಳಸುವವರಿದ್ದಾರೆ. ಒಳ್ಳೆಯ ಯೋಚನೆ. ಆದರೆ ಅದರಲ್ಲಿ ಉಪ್ಪಿನಂಶ ಜಾಸ್ತಿ. ಮೊದಲ ಮಣ್ಣು ಇಳಿಸಲು ಅದು ಇರಲಿ, ಕೊನೆಯ ನೀರು ಬೇರೆ ಇರಲಿ.

ಸೈಕಲ್ ಕ್ಲೀನರ್ ಮಣ್ಣಿನಲ್ಲಿ ಕರಗಿ ಹೋಗುತ್ತದೆ ಎಂದು ಬಾಟಲಿ ಮೇಲೆ ಬರೆದಿರುತ್ತದೆ. ಆ ಮಾತು ಕ್ಲೀನರ್‌ಗೆ ಮಾತ್ರ. ಚಕ್ರದಿಂದ ಇಳಿದ ಲೋಹದ ಪುಡಿ ಕರಗುವುದಿಲ್ಲ. ಆ ನೀರನ್ನು ತುಳಸಿ ಕಟ್ಟೆಗೂ ಗಿಡಕ್ಕೂ ಹಾಕಬೇಡಿ. ರಸ್ತೆ ಬದಿಯ ಮಳೆ ನೀರಿನ ಚರಂಡಿಗೂ ಬೇಡ, ಅದು ಕೊನೆಗೆ ಸೇರುವುದು ಕೆರೆಗೆ. ನಾನು ಬಕೆಟ್ಟಿನ ಕೊಳೆ ನೀರನ್ನು ಬಚ್ಚಲಿಗೆ ಚೆಲ್ಲುತ್ತೇನೆ.

ಮುಗಿದ ಮೇಲೆ

ಚಕ್ರ ಒರೆಸಿ ಒಣಗಿಸಿ. ಸೈಕಲ್ ಫ್ರೇಮಿಗೆ ಹಚ್ಚುವ ಮೇಣದ ಪಾಲಿಶ್ ಇದ್ದರೆ ಪೇಂಟ್ ಇರುವ ಅಲಾಯ್ ಮುಖಕ್ಕೆ ತೆಳ್ಳಗೆ ಹಚ್ಚಬಹುದು. ಮುಂದಿನ ಸಲ ಕಪ್ಪು ಬೇಗ ಬಿಡುತ್ತದೆ. ಬಟ್ಟೆಗೆ ಹಾಕಿಕೊಂಡು ಹಚ್ಚಿ, ನೇರ ಸ್ಪ್ರೇ ಬೇಡ. ಡಿಸ್ಕ್‌ಗೂ, ಟೈರ್ ನೆಲಕ್ಕೆ ತಾಗುವ ಕಡೆಗೂ ಸೋಕಬಾರದು.

ಕಾರಿಗೆ ಬಳಸಿದ ಬ್ರಷ್, ಬಟ್ಟೆ ಮತ್ತೆ ಸೈಕಲ್‌ಗೆ ಹೋಗಬಾರದು. ಇದನ್ನು ನಾನು ಕಷ್ಟಪಟ್ಟು ಕಲಿತೆ. ಟೈರಿಗೆ ಹೊಳಪು ಹಚ್ಚಿದ್ದ ಬಟ್ಟೆಯಲ್ಲಿ ಗೊತ್ತಿಲ್ಲದೆ ಸೈಕಲ್‌ನ ಡಿಸ್ಕ್ ಒರೆಸಿದ್ದೆ. ಮರುದಿನ ಇಳಿಜಾರಿನಲ್ಲಿ ಹಿಡಿಕೆ ಪೂರ್ತಿ ಒತ್ತಿದರೂ ಸೈಕಲ್ ನಿಲ್ಲಲಿಲ್ಲ, ಕಿರ್ ಎಂದು ಕೂಗಿತು ಅಷ್ಟೇ. ಕಾಲು ಊರಿ ಹೇಗೋ ನಿಲ್ಲಿಸಿದೆ. ಡಿಸ್ಕ್ ಸ್ವಚ್ಛ ಮಾಡಿ ಹೊಸ ಪ್ಯಾಡ್ ಹಾಕಿಸಬೇಕಾಯಿತು. ಈಗ ಕಾರಿನ ಬ್ರಷ್‌ಗಳ ಹಿಡಿಗೆ ಕೆಂಪು ಟೇಪ್ ಸುತ್ತಿದ್ದೇನೆ. ಬಟ್ಟೆಗಳೂ ಕೆಂಪು ಬಣ್ಣದವೇ, ಬೇರೆ ಬಕೆಟ್‌ನಲ್ಲಿ ಇರುತ್ತವೆ.

ತೊಳೆದ ಗಾಡಿಯನ್ನು ಹಾಗೇ ನಿಲ್ಲಿಸಬೇಡಿ. ಎರಕದ ಕಬ್ಬಿಣದ ಡಿಸ್ಕ್ ಒದ್ದೆಯಾದರೆ ಕೆಲವೇ ಗಂಟೆಯಲ್ಲಿ ಮೇಲೆ ತೆಳು ತುಕ್ಕು ಬರುತ್ತದೆ. ಅದು ಸಹಜ, ಆದರೆ ಬ್ರೇಕ್ ಒಣಗಿರುವುದು ಒಳ್ಳೆಯದು. ನಾನು ಬಕೆಟ್ ಒಳಗಿಟ್ಟು, ನಮ್ಮ ಬೀದಿಯ ಕೊನೆಯ ಹಾಲಿನ ಬೂತಿನವರೆಗೆ ಕಾರು ತೆಗೆದುಕೊಂಡು ಹೋಗುತ್ತೇನೆ. ಹಿಂದೆ ಯಾರೂ ಇಲ್ಲ ಎಂದು ನೋಡಿಕೊಂಡು, ನಿಧಾನಕ್ಕೆ ಹೋಗುತ್ತಾ ನಾಲ್ಕೈದು ಸಲ ಬ್ರೇಕ್ ಒತ್ತುತ್ತೇನೆ. ಮೊದಲ ಸಲ ಸ್ವಲ್ಪ ಗರಗರ ಅನ್ನುತ್ತದೆ. ಹಾಲು ತೆಗೆದುಕೊಂಡು ವಾಪಸ್ ಬರುವಷ್ಟರಲ್ಲಿ ಆ ಸದ್ದು ಹೋಗಿರುತ್ತದೆ.